ಸೆಕೆಂಡ್ ಹ್ಯಾಂಡ್ ಕಾರಿನ ಶಾಕ್ ಅಬ್ಸಾರ್ಬರ್ ಪರೀಕ್ಷೆ: ಬಾನೆಟ್ ಅದುಮಿ ನೋಡಿದರೆ ಸಾಲದು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಎಂಜಿನ್ ಶಬ್ದ ಕೇಳುತ್ತಾರೆ, ಗೇರ್ ಹಾಕಿ ನೋಡುತ್ತಾರೆ, ಬಾಗಿಲ ಅಂಚಿನಲ್ಲಿ ಬಣ್ಣ ಬೇರೆಯಾಗಿದೆಯೇ ಎಂದು ಹುಡುಕುತ್ತಾರೆ. ಶಾಕ್ ಅಬ್ಸಾರ್ಬರ್ ಸರದಿ ಬಂದಾಗ ಮಾತ್ರ ಬಾನೆಟ್ ಮೇಲೆ ಎರಡು ಕೈಯಿಟ್ಟು ಒಮ್ಮೆ ಅದುಮಿ, "ಪರವಾಗಿಲ್ಲ" ಎಂದು ಮುಂದೆ ಹೋಗುತ್ತಾರೆ. ನಾನು ಕೊಂಡ ಕಾರು ಆ ಅದುಮುವ ಪರೀಕ್ಷೆಯನ್ನು ನಾಲ್ಕೂ ಮೂಲೆಯಲ್ಲಿ ಪಾಸು ಮಾಡಿತ್ತು. ಆದರೂ ಹಿಂದಿನ ಎಡಗಡೆಯ ಶಾಕ್ ಹೋಗಿತ್ತು. ಅದನ್ನು ಪತ್ತೆ ಹಚ್ಚಿ, ಬೆಲೆ ಇಳಿಸಿ, ಸಾಮಾನು ತರಿಸಿ, ಹಾಕಿಸಿ ಮುಗಿಸುವಷ್ಟರಲ್ಲಿ ಸಾಕುಬೇಕಾಯಿತು. ಕೆಲಸ ಮೊನ್ನೆಯಷ್ಟೇ ಮುಗಿದಿದೆ. ವಿವರ ಮರೆಯುವ ಮೊದಲೇ ಬರೆಯುತ್ತಿದ್ದೇನೆ.

ಗಾಡಿಯ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ. ಚಕ್ರ ಹಳ್ಳಕ್ಕೆ ಇಳಿದು ಎದ್ದಾಗ ಸ್ಪ್ರಿಂಗ್ ಕುಗ್ಗಿ ಹಿಗ್ಗುತ್ತದೆ. ಅದರ ಪಾಡಿಗೆ ಬಿಟ್ಟರೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತ ಅಡಗಿಸುವುದು ಶಾಕ್ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ವಾಲ್ವುಗಳ ಮೂಲಕ ಕಷ್ಟಪಟ್ಟು ಹಾಯಿಸುತ್ತದೆ, ಕುಣಿತದ ಶಕ್ತಿಯೆಲ್ಲ ಶಾಖವಾಗಿ ಹೊರಟುಹೋಗುತ್ತದೆ. ಆದ್ದರಿಂದ ಕಾರು ಒಂದು ಮಗ್ಗುಲಿಗೆ ತಗ್ಗಿ ನಿಂತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಸ್ಪ್ರಿಂಗ್ ಮೇಲೆ. ಕಟ್ ಕಟ್ ಎಂದು ಸದ್ದು ಬಂದರೆ ಬುಷ್ (ಕೀಲುಗಳ ರಬ್ಬರ್ ಬಳೆ), ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸರಳಿಗೆ ಸೇರುವ ಸಣ್ಣ ಕಡ್ಡಿ), ಮೌಂಟ್ (ಶಾಕಿನ ಮೇಲ್ತುದಿಯನ್ನು ಗಾಡಿಗೆ ಕೂರಿಸುವ ಭಾಗ) ಮೇಲೆ. ಸದ್ದಿಲ್ಲದೆ ಗಾಡಿ ತೇಲುತ್ತಿದ್ದರೆ ಆಗ ಶಾಕ್. ಇಷ್ಟು ಗೊತ್ತಿದ್ದರೆ ಗ್ಯಾರೇಜಿನಲ್ಲಿ ಅರ್ಧ ಗೊಂದಲ ತಪ್ಪುತ್ತದೆ, ಯಾಕೆಂದರೆ ಕೆಳಗಡೆ ಏನು ಸದ್ದು ಬಂದರೂ "ಶಾಕ್ ಹೋಗಿದೆ" ಎನ್ನುವುದು ರೂಢಿಯಾಗಿಬಿಟ್ಟಿದೆ.

ನೋಡಿದ್ದು ಸಣ್ಣ ಹ್ಯಾಚ್‌ಬ್ಯಾಕ್. ಮೀಟರ್ 90 ಸಾವಿರ ಕಿ.ಮೀ. ದಾಟಿತ್ತು. ಶಾಕ್‌ಗಳಿಗೆ 80 ಸಾವಿರದಿಂದ 1 ಲಕ್ಷ ಕಿ.ಮೀ. ಆಯುಸ್ಸು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ರಸ್ತೆ ಕೆಟ್ಟದಿದ್ದರೆ, ಭಾರ ಹೆಚ್ಚು ಹೇರಿದ್ದರೆ ಅದಕ್ಕಿಂತ ಬಹಳ ಮೊದಲೇ ಸೋಲಬಹುದು. ಈ ಕಾರಿನಲ್ಲಿ ಒಂದನ್ನು ಬಿಟ್ಟು ಉಳಿದ ಮೂರೂ ಕಂಪನಿಯಿಂದ ಬಂದಾಗಿನವೇ ಎಂದು ಆಮೇಲೆ ಗೊತ್ತಾಯಿತು.

ಮಾರುವವರು ಒಳ್ಳೆಯ ಮನುಷ್ಯ, ಮಾತುಗಾರ. ನಾನು ಶಾಕ್ ಎಂದು ಬಾಯಿ ತೆಗೆಯುವ ಮೊದಲೇ ಮುಂದಿನ ಮಡ್‌ಗಾರ್ಡ್ ಮೇಲೆ ಭಾರ ಹಾಕಿ ಅದುಮಿ ಬಿಟ್ಟರು. "ನೋಡಿ ಸಾರ್, ಒಂದೇ ಸಲಕ್ಕೆ ನಿಂತುಬಿಡ್ತು. ಹೊಸ ಗಾಡಿ ಇದ್ದ ಹಾಗಿದೆ." ನಿಜಕ್ಕೂ ನಿಂತಿತು. ಹಿಂದೆ ಹೋಗಿ ಡಿಕ್ಕಿಯ ಅಂಚು ಹಿಡಿದು ನಾನೂ ಲಯ ಬರುವ ಹಾಗೆ ಅದುಮಿ ಅದುಮಿ ಬಿಟ್ಟೆ. ಅಲ್ಲೂ ನಿಂತಿತು.

ಈ ಪರೀಕ್ಷೆಯ ತೊಂದರೆ ಏನೆಂದರೆ, ಕೈಯಿಂದ ಅದುಮಿದಾಗ ಪಿಸ್ಟನ್ ಚಲಿಸುವುದು ಬಹಳ ನಿಧಾನವಾಗಿ. ರಸ್ತೆಯ ಏಟು ಬೀಳುವಾಗ ಅದು ಎಷ್ಟೋ ಪಟ್ಟು ಜೋರಾಗಿ ಓಡುತ್ತದೆ, ಆಗ ಕೆಲಸ ಮಾಡುವ ವಾಲ್ವುಗಳೇ ಬೇರೆ. ಜೊತೆಗೆ ಈಗಿನ ಕಾರುಗಳ ಸ್ಪ್ರಿಂಗ್ ಬಿಗಿ, ರಬ್ಬರ್ ಬುಷ್‌ಗಳ ಹಿಡಿತವೂ ಸೇರಿ ಗಾಡಿ ತಾನಾಗಿ ನಿಂತುಬಿಡುತ್ತದೆ. ಅದುಮಿ ಬಿಟ್ಟಾಗ ಎರಡು ಮೂರು ಸಲ ಕುಣಿದರೆ ಶಾಕ್ ಪೂರ್ತಿ ಹೋಗಿದೆ ಎಂದು ಖಂಡಿತ ಹೇಳಬಹುದು. ಕುಣಿಯದಿದ್ದರೆ ಏನನ್ನೂ ಹೇಳಲಾಗದು.

ನನಗೆ ಸುಳಿವು ಕೊಟ್ಟಿದ್ದು ಟೈರ್. ಹಿಂದಿನ ಎಡ ಟೈರಿನ ಮೇಲೆ ಅಂಗೈಯನ್ನು ಅಗಲವಾಗಿ ಇಟ್ಟು, ಅದು ಉರುಳುವ ದಿಕ್ಕಿನಲ್ಲಿ ನಿಧಾನಕ್ಕೆ ಸವರುತ್ತ ಹೋದೆ. ಒಂದು ಗೇಣು ನುಣ್ಣಗೆ, ಆಮೇಲೆ ಸಣ್ಣ ತಗ್ಗು, ಮತ್ತೆ ಉಬ್ಬು, ಮತ್ತೆ ತಗ್ಗು. ಕಣ್ಣಿಗೆ ಟೈರ್ ಚೆನ್ನಾಗಿಯೇ ಕಾಣುತ್ತಿತ್ತು, ಗೆರೆಗಳೂ ಸಾಕಷ್ಟು ಆಳ ಇದ್ದವು. ಕೈಗೆ ಮಾತ್ರ ಅಲೆ ಅಲೆಯಾಗಿ ಸಿಕ್ಕಿತು. ಬಲಗಡೆ ಅದೇ ಥರ ಇತ್ತು, ಆದರೆ ತೀರಾ ಕಡಿಮೆ. ಚಕ್ರ ರಸ್ತೆಯನ್ನು ಒಂದೇ ಸಮ ಒತ್ತಿ ಹಿಡಿಯದೆ ಪುಟಿಯುತ್ತಿದ್ದರೆ ಬಿದ್ದ ಜಾಗ ಸವೆಯುತ್ತದೆ, ಎದ್ದ ಜಾಗ ಉಳಿಯುತ್ತದೆ. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಹಾಕಿ ಓಡಿಸಿದ್ದಾರೆ, ನಡುಭಾಗ ಸವೆದಿದ್ದರೆ ಹೆಚ್ಚು ಹಾಕಿದ್ದಾರೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ತಪ್ಪಿದೆ. ತೇಪೆ ತೇಪೆಯಾಗಿ ಸವೆದಿದ್ದರೆ ಶಾಕ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮವಾಗಿಸುವುದು). ಬ್ಯಾಲೆನ್ಸಿಂಗ್ ತಪ್ಪಿದ್ದರೂ ಇದೇ ಥರ ಆಗುವುದುಂಟು, ಹಾಗಾಗಿ ಟೈರ್ ಒಂದನ್ನೇ ನಂಬಿ ಜಗಳಕ್ಕೆ ಇಳಿಯಬೇಡಿ. ಇನ್ನೊಂದು: ಹಳೇ ಕಾರಿಗೆ ಹೊಚ್ಚಹೊಸ ಟೈರ್ ಹಾಕಿ ಮಾರಲು ಇಟ್ಟಿದ್ದರೆ ಖುಷಿಪಡುವ ಮೊದಲು ಹಳೆಯವು ಎಲ್ಲಿ ಎಂದು ಕೇಳಿ. ಈ ಕಾರಿನ ಮುಂದಿನ ಎರಡೂ ಹೊಸವು. ಹಳೆಯವನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರಂತೆ.

ಟಾರ್ಚ್, ಹಳೇ ಬಟ್ಟೆ, ನೆಲಕ್ಕೆ ಹಾಸಲು ಒಂದು ರಟ್ಟು ನನ್ನ ಬಳಿ ಇತ್ತು. ಮುಂದಿನ ಶಾಕ್ ನೋಡಲು ಗಾಡಿ ಎತ್ತಬೇಕಿಲ್ಲ. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ದಾರಿ ಬಿಡುತ್ತದೆ. ಹಿಂದಿನದಕ್ಕೆ ಮಲಗಲೇಬೇಕು. ನಾನು ಕೆಳಗೆ ಮಲಗಿದ್ದು ಮಾರುವವರಿಗೆ ಹಿಡಿಸಲಿಲ್ಲ. "ಬೇರೆ ಪಾರ್ಟಿನೂ ಬರ್ತಾ ಇದ್ದಾರೆ ಸಾರ್" ಎಂದು ಒಂದೆರಡು ಸಲ ಅಂದರು. ಎದೆ ಡವಗುಟ್ಟಿದ್ದು ನಿಜ, ಕಾರು ಮನಸ್ಸಿಗೆ ಬಂದಿತ್ತು. ಆದರೂ ಎದ್ದು ಬರಲಿಲ್ಲ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ನೆಲದ ಮೇಲೆ ನಿಂತಿದ್ದಾಗಲೇ ಟಾರ್ಚ್ ಬಿಟ್ಟರೆ ಬೇಕಾದದ್ದೆಲ್ಲ ಕಾಣುತ್ತದೆ.

ಶಾಕಿನ ಮೈಮೇಲೆ ಎಣ್ಣೆ ಕಂಡ ಕೂಡಲೇ "ಲೀಕ್" ಎಂದು ತೀರ್ಮಾನಿಸುವಂತಿಲ್ಲ. ಪಿಸ್ಟನ್‌ಗೆ ಸೇರಿದ ರಾಡ್ ಒಳಗೆ ಹೊರಗೆ ಆಡುವಾಗ ಎಣ್ಣೆ ತಡೆಯುವ ಸೀಲ್‌ಗೆ ಜಿಡ್ಡು ಬೇಕೇಬೇಕು, ಆದ್ದರಿಂದ ಮೇಲ್ಭಾಗದಲ್ಲಿ ತೆಳ್ಳಗೆ ಬೆವರಿದ ಹಾಗೆ ಎಣ್ಣೆಯ ಪಸೆ ಇರುವುದು ಸಹಜ. ಅದಕ್ಕೆ ಧೂಳು ಕೂತು ಮಾಸಲು ಬಣ್ಣ ಬಂದಿರುತ್ತದೆ, ಮುಟ್ಟಿದರೆ ಬೆರಳು ಒದ್ದೆಯಾಗುವುದಿಲ್ಲ. ಲೀಕ್ ಎಂದರೆ ಎಣ್ಣೆ ಕೊಳವೆಯ ಉದ್ದಕ್ಕೂ ಇಳಿದು ಬಂದಿರಬೇಕು, ಹಸಿಯಾಗಿರಬೇಕು. ಹಿಂದಿನ ಎಡ ಶಾಕ್ ಹಾಗೆಯೇ ಇತ್ತು: ಮೇಲಿನಿಂದ ಕೆಳಗಿನ ಬುಷ್‌ವರೆಗೆ ಕಪ್ಪು ಪಟ್ಟಿ, ತಳದಲ್ಲಿ ಮಣ್ಣು ಸೇರಿ ಗಟ್ಟಿಯಾದ ಮುದ್ದೆ, ಅದರ ತುದಿಯಲ್ಲಿ ಮಾತ್ರ ಇನ್ನೂ ಒಣಗದ ಒಂದು ಹನಿ. ಮುಂದಿನ ಬಲಗಡೆಯೂ ಒದ್ದೆ ಕಂಡಿತು, ಆದರೆ ಅಲ್ಲಿ ಬಟ್ಟೆಗೆ ಹತ್ತಿದ್ದು ಎಣ್ಣೆಯಲ್ಲ, ದಪ್ಪ ಗ್ರೀಸ್. ಪಕ್ಕದ ಆಕ್ಸಲ್ ಬೂಟ್ (ಆಕ್ಸಲ್ ಕೀಲಿನ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆ) ಹರಿದು ಅಲ್ಲಿಂದ ಸಿಡಿದದ್ದು. ಇಂಥದ್ದು ಕಂಡರೆ ಚೆನ್ನಾಗಿ ಒರೆಸಿ, ಗಾಡಿ ಓಡಿಸಿ ಬಂದು ಮತ್ತೆ ನೋಡುವುದೇ ಸರಿ. ಶಾಕಿನಿಂದಲೇ ಬರುವುದಾದರೆ ಸೀಲ್ ಹತ್ತಿರದಿಂದ ಗೆರೆ ಇಳಿಯುತ್ತದೆ.

ಎಣ್ಣೆಯ ಜೊತೆಗೆ ಇನ್ನೂ ಕೆಲವನ್ನು ನೋಡಿ ಬಿಡಬೇಕು. ರಾಡ್ ಮೇಲಿನ ಕ್ರೋಮ್ ಪಾಲಿಶ್ ಎದ್ದು ತುಕ್ಕಿನ ಚುಕ್ಕಿ ಬಿದ್ದಿದ್ದರೆ ಅದು ಸೀಲನ್ನು ಕೊರೆಯುತ್ತದೆ, ಇವತ್ತು ಒಣಗಿದ್ದರೂ ನಾಳೆ ಸೋರುವುದು ಖಾತ್ರಿ. ಧೂಳು ತಡೆಯುವ ರಬ್ಬರ್ ತೋಳು ಹರಿದಿದೆಯೇ, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಮೆತ್ತೆ) ಪುಡಿಯಾಗಿದೆಯೇ, ಕೊಳವೆಯಲ್ಲಿ ತಗ್ಗು ಬಿದ್ದಿದೆಯೇ, ಸ್ಪ್ರಿಂಗಿನ ಕೊನೆಯ ಸುತ್ತು ಮುರಿದಿದೆಯೇ. ಈ ಕೊನೆಯದು ಬಹಳ ಜನರ ಕಣ್ಣು ತಪ್ಪುತ್ತದೆ, ಯಾಕೆಂದರೆ ಮುರಿದ ತುಂಡು ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲೇ ಕೂತಿರುತ್ತದೆ. ಕೆಳಗೆಲ್ಲ ಈಗಷ್ಟೇ ನೀರು ಹೊಡೆದು ತೊಳೆದಿದ್ದರೆ ಆ ದಿನ ಎಣ್ಣೆ ನೋಡಿ ಪ್ರಯೋಜನವಿಲ್ಲ, ಇನ್ನೊಂದು ದಿನ ಬನ್ನಿ.

ಆಮೇಲೆ ಓಡಿಸಿ ನೋಡಿದ್ದು. ನುಣ್ಣನೆ ರಸ್ತೆಯಲ್ಲಿ ಸುತ್ತಿಸಿ ಕರೆತರುವುದು ಮಾರುವವರ ಜಾಣತನ. ನಾನು ಹಠ ಹಿಡಿದು ಕಿತ್ತುಹೋದ ರಸ್ತೆಗೆ ಒಯ್ದೆ. ರೇಡಿಯೋ ಬಂದ್, ಕಿಟಕಿ ಇಳಿಸಿ. ಬ್ರೇಕ್ ಹಾಕಿದಾಗ ಮೂತಿ ಕೆಳಗಿಳಿಯಿತು, ಆದರೆ ಹೆಚ್ಚಲ್ಲ. ಹಂಪ್ ದಾಟಿದಾಗ ಮುಂಭಾಗ ಇಳಿದು ನಿಂತಿತು, ಹಿಂಭಾಗ ಇಳಿದು, ಎದ್ದು, ಮತ್ತೆ ಇಳಿಯಿತು. ತಿರುವಿನಲ್ಲಿ ಸಾಲು ಹಳ್ಳ ಸಿಕ್ಕಾಗ ಹಿಂದಿನ ಚಕ್ರ ಹೊರಕ್ಕೆ ಜಾರಿದ ಹಾಗೆ ಆಯಿತು. ಇದು ನನ್ನನ್ನು ನಿಜಕ್ಕೂ ಹೆದರಿಸಿದ ಗಳಿಗೆ, ಯಾಕೆಂದರೆ ಶಾಕ್ ಸೋತರೆ ಹೋಗುವುದು ಬರೀ ಸುಖವಲ್ಲ. ನೆಲ ಬಿಟ್ಟು ಪುಟಿಯುತ್ತಿರುವ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ, ಒರಟು ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಗಾಡಿ ನಿಲ್ಲುವ ದೂರ ಹೆಚ್ಚುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇದ್ದರೂ ಅಷ್ಟೇ.

ಸಣ್ಣ ಸಣ್ಣ ಗುಂಡಿಗಳ ಮೇಲೆ ಮುಂದಿನಿಂದ ಕಟಕಟ ಸದ್ದು ಬರುತ್ತಿತ್ತು. "ಅದೇ ಸಾರ್ ಶಾಕ್ ಸ್ವಲ್ಪ..." ಎಂದು ಮಾರುವವರೇ ಒಪ್ಪಿಕೊಂಡುಬಿಟ್ಟರು! ಪಾಪ, ಅದು ಶಾಕ್ ಅಲ್ಲ, ಲಿಂಕ್ ರಾಡ್. ಸ್ಟೇರಿಂಗ್ ತಿರುಗಿಸುವಾಗ ಕಿರ್ರೆಂದರೆ ಅಥವಾ ಸ್ಪ್ರಿಂಗ್ ಟಣ್ ಎಂದರೆ ಮೇಲಿನ ಮೌಂಟ್ ಬೇರಿಂಗ್. ಅದನ್ನು ನೋಡಲು ಒಬ್ಬರು ಸ್ಟೇರಿಂಗ್ ತಿರುಗಿಸಬೇಕು, ಇನ್ನೊಬ್ಬರು ಸ್ಪ್ರಿಂಗ್ ಮೇಲೆ ಬೆರಳ ತುದಿ ಇಡಬೇಕು. ನಯವಾಗಿ ತಿರುಗಬೇಕಾದದ್ದು ತಡೆದು ತಡೆದು ನೆಗೆದರೆ ಗೊತ್ತಾಗಿಬಿಡುತ್ತದೆ.

ಒರಟು ರಸ್ತೆಯಿಂದ ವಾಪಸು ಬಂದ ತಕ್ಷಣ ಮಾಡುವ ಇನ್ನೊಂದು ಪರೀಕ್ಷೆ ಇದೆ, ಇದು ನನಗೆ ಬಹಳ ಇಷ್ಟವಾಯಿತು. ಶಾಕ್ ಕೆಲಸ ಮಾಡಿದ್ದರೆ ಬೆಚ್ಚಗಾಗಿರಬೇಕು. ಹಿಂದಿನ ಎರಡನ್ನೂ ಕೈ ಹಿಂಭಾಗದಿಂದ ಮುಟ್ಟಿ ನೋಡಿದೆ. ಬಲಗಡೆಯದು ಬೆಚ್ಚಗಿತ್ತು, ಎಡಗಡೆಯದು ತಣ್ಣಗಿತ್ತು. ಒಂದೇ ರಸ್ತೆ, ಒಂದೇ ಓಟ. ಸೈಲೆನ್ಸರ್ ಪಕ್ಕದಲ್ಲಿರುವ ಶಾಕ್ ಅದರ ಕಾವಿಗೇ ಬಿಸಿಯಾಗಬಹುದು, ಕೈಯೂ ಸುಟ್ಟೀತು. ಅದೊಂದು ನೆನಪಿರಲಿ.

ಕಾಗದಪತ್ರದ ಭಾಗ ಬೇಸರದ್ದು, ಆದರೆ ಬಿಡುವಂತಿಲ್ಲ. ಶಾಕಿನ ಮೈಮೇಲೆ ಪಾರ್ಟ್ ನಂಬರ್, ಹೆಚ್ಚಿನವುಗಳಲ್ಲಿ ತಯಾರಾದ ಕಾಲದ ಗುರುತು ಒತ್ತಿರುತ್ತದೆ ಅಥವಾ ಚೀಟಿ ಅಂಟಿಸಿರುತ್ತದೆ. ಮುಂದಿನ ಎಡ ಮತ್ತು ಹಿಂದಿನ ಎರಡರಲ್ಲಿ ಕಾರಿನ ವಯಸ್ಸಿಗೆ ಹೊಂದುವ ಗುರುತು. ಮುಂದಿನ ಬಲಗಡೆಯದು ಮಾತ್ರ ವರ್ಷಗಳಷ್ಟು ಹೊಸದು. ಒಂದು ಮೂಲೆಯಲ್ಲಷ್ಟೇ ಹೊಸ ಶಾಕ್ ಇದ್ದರೆ ಆ ಮೂಲೆಗೆ ಏಟು ಬಿದ್ದಿರಬಹುದು. ಕೇಳಿದಾಗ ಮೊದಲು "ಗೊತ್ತಿಲ್ಲ", ಆಮೇಲೆ "ಒಂದು ಸಲ ದೊಡ್ಡ ಹಳ್ಳಕ್ಕೆ ಬಿದ್ದಿತ್ತು". ಸರ್ವಿಸ್ ಬಿಲ್‌ಗಳನ್ನು ಹುಡುಕಿ ಕೊಡಲು ಅವರಿಗೆ ಸಮಯ ಬೇಕಾಯಿತು, ನಾನು ಕಾದೆ. ಕೊನೆಗೆ ಸಿಕ್ಕ ಬಿಲ್ಲಿನಲ್ಲಿ ಬಲ ಸ್ಟ್ರಟ್ (ಸ್ಪ್ರಿಂಗ್ ಕೂರುವ ಮುಂದಿನ ಶಾಕ್), ಬಲ ಕೆಳತೋಳು (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು), ಒಂದು ರಿಮ್, ಅಲೈನ್‌ಮೆಂಟ್ ಇತ್ತು. ಚಾಸಿಗೆ ಸಂಬಂಧಿಸಿದ್ದು ಏನೂ ಇರಲಿಲ್ಲ. ಅಲೈನ್‌ಮೆಂಟ್ ಹಾಳೆಯಲ್ಲಿ ಎಡ ಬಲದ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲಿದ ಕೋನ) ಹೆಚ್ಚುಕಡಿಮೆ ಒಂದೇ ಇದ್ದದ್ದು ನೋಡಿ ಸಮಾಧಾನವಾಯಿತು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರವನ್ನು ನೆಟ್ಟಗೆ ಹಿಡಿಯುವುದರಲ್ಲಿ ಶಾಕಿಗೂ ಪಾಲಿದೆ, ಅದು ಬಾಗಿದ್ದರೆ ಕ್ಯಾಂಬರ್ ಸುಳ್ಳು ಹೇಳುವುದಿಲ್ಲ. ಬಿಲ್ ಕೇಳಲು ಸಂಕೋಚಪಡಬೇಡಿ. ಇಲ್ಲ ಎಂದರೆ ಅದೂ ಒಂದು ಉತ್ತರವೇ.

ಇಷ್ಟೆಲ್ಲ ಆದರೂ ನನ್ನ ಕೈಯಲ್ಲಿದ್ದದ್ದು ನನ್ನ ಮಾತು ಮಾತ್ರ. ಬೆಲೆ ಇಳಿಸಲು ಮೂರನೆಯವರ ಮಾತು ಬೇಕಿತ್ತು. ಅದಕ್ಕೇ ಅಲುಗುವ ತಟ್ಟೆಯ ಯಂತ್ರ ಇರುವ ತಪಾಸಣಾ ಕೇಂದ್ರ ಹುಡುಕಿದೆ. ಶುಲ್ಕ ನಾನೇ ಕೊಡುತ್ತೇನೆ ಎಂದ ಮೇಲೆ ಮಾರುವವರು ಬರಲು ಒಪ್ಪಿದರು. ಸರದಿ ಉದ್ದವಿತ್ತು. ಕಾಯುತ್ತ ಕುಳಿತಾಗ ಅವರು ಕಾರಿನ ಗುಣಗಾನವನ್ನು ಮೊದಲಿನಿಂದ ಮತ್ತೆ ಶುರು ಮಾಡಿದರು, ನಾನು ಹೂಂಗುಟ್ಟಿದೆ.

ಹೋಗುವ ಮೊದಲು ನಾಲ್ಕೂ ಟೈರಿನ ಗಾಳಿಯನ್ನು ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟಕ್ಕೆ ತನ್ನಿ, ಡಿಕ್ಕಿ ಖಾಲಿ ಮಾಡಿ. ಗಾಳಿ ಹೆಚ್ಚಿದ್ದರೆ ಒಳ್ಳೆಯ ಶಾಕಿಗೂ ಕಡಿಮೆ ಅಂಕ ಬೀಳುತ್ತದೆ. ಯಂತ್ರ ಮಾಡುವುದಿಷ್ಟು: ಚಕ್ರವನ್ನು ತಟ್ಟೆಯ ಮೇಲೆ ನಿಲ್ಲಿಸಿ ಮೊದಲು ನಿಂತ ಭಾರ ಅಳೆಯುತ್ತದೆ. ಆಮೇಲೆ ತಟ್ಟೆಯನ್ನು ಸೆಕೆಂಡಿಗೆ 25 ಸಲದ ವೇಗದಲ್ಲಿ 6 ಮಿ.ಮೀ.ನಷ್ಟು ಅಲುಗಿಸಿ, ಮೋಟಾರ್ ಬಿಡುತ್ತದೆ. ವೇಗ ಇಳಿಯುತ್ತ ಬಂದು ಒಂದು ಹಂತದಲ್ಲಿ ಚಕ್ರದ ಸ್ವಂತ ಕಂಪನಕ್ಕೆ ತಾಳೆಯಾದಾಗ ಚಕ್ರ ಅತಿ ಹೆಚ್ಚು ನೆಗೆಯುತ್ತದೆ. ಆ ಗಳಿಗೆಯಲ್ಲಿ ತಟ್ಟೆಯ ಮೇಲೆ ಉಳಿದ ಅತಿ ಕಡಿಮೆ ಭಾರ, ನಿಂತ ಭಾರದ ಶೇಕಡಾ ಎಷ್ಟು ಎನ್ನುವುದೇ ಅಂಕ. ಇದನ್ನು ಯೂಸಾಮಾ ಪದ್ಧತಿ ಎನ್ನುತ್ತಾರೆ, ಯುರೋಪಿನ ಶಾಕ್ ತಯಾರಕರ ಸಂಘದ ಹೆಸರದು. 60ಕ್ಕಿಂತ ಮೇಲೆ ಬಹಳ ಚೆನ್ನ, 40ರಿಂದ 60 ಚೆನ್ನ, 20ರಿಂದ 40 ಸೋತಿದೆ, 20ಕ್ಕಿಂತ ಕೆಳಗೆ ಅಪಾಯ. ಬೇರೆ ಪದ್ಧತಿಯ ಯಂತ್ರಗಳೂ ಇವೆ, ಅವುಗಳ ಅಂಕಕ್ಕೂ ಇದಕ್ಕೂ ತಾಳೆ ಹಾಕಬೇಡಿ.

ಚೀಟಿ ಬಂತು. ಮುಂದೆ ಎಡ 58, ಬಲ 66. ಹಿಂದೆ ಬಲ 47, ಎಡ 29.

ಮಾರುವವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಂತ್ರದ ಹುಡುಗ ತಾನಾಗಿಯೇ ಒಂದು ಮಾತು ಹೇಳಿದ: "ಸಣ್ಣ ಕಾರಿನ ಹಿಂಭಾಗ ಹಗುರ ಸಾರ್, ಅಲ್ಲಿ ಅಂಕ ಸ್ವಲ್ಪ ಕಡಿಮೆನೇ ಬರೋದು. ನೀವು ನೋಡಬೇಕಾದ್ದು ಎಡ ಬಲದ ವ್ಯತ್ಯಾಸ." ಸರಿಯಾದ ಮಾತು. 47 ಬರೀ ಒಂದು ಅಂಕಿ. 47ರ ಪಕ್ಕದಲ್ಲಿ 29 ಇದ್ದದ್ದೇ ಮುಖ್ಯ. ಟೈರ್, ಎಣ್ಣೆ, ತಣ್ಣಗಿನ ಕೊಳವೆ, ಈ ಅಂಕಿ ನಾಲ್ಕೂ ಒಂದೇ ಮೂಲೆಗೆ ಬೆರಳು ಮಾಡಿದ ಮೇಲೆ ವಾದಕ್ಕೆ ಎಡೆ ಉಳಿಯಲಿಲ್ಲ. ಅಲ್ಲೇ ನಿಂತು ಲೆಕ್ಕ ಹಾಕಿದೆವು: ಹಿಂದಿನ ಶಾಕ್ ಒಂದು ಜೊತೆ, ಹಿಂದಿನ ಟೈರ್ ಒಂದು ಜೊತೆ, ಮುಂದಿನ ಲಿಂಕ್ ರಾಡ್, ಆಕ್ಸಲ್ ಬೂಟ್, ಕೂಲಿ. ಟೈರ್ ಲೆಕ್ಕಕ್ಕೆ ಅವರು ಒಪ್ಪಲಿಲ್ಲ, ಉಳಿದದ್ದನ್ನು ಬೆಲೆಯಲ್ಲಿ ಕಳೆದರು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಗಾಡಿ ಮನೆಗೆ ಬಂದ ಮೇಲೆ ಗ್ಯಾರೇಜ್ ಸುತ್ತಾಟ ಶುರು. ಮೊದಲು ಹೋದ ಕಡೆ ಮೆಕ್ಯಾನಿಕ್ ಗಾಡಿ ಎತ್ತುವ ಮೊದಲೇ "ನಾಲ್ಕೂ ಚೇಂಜ್ ಮಾಡಿಬಿಡಿ" ಎಂದರು. ಚೀಟಿ ತೋರಿಸಿದೆ. ಓದಲೂ ಇಲ್ಲ. ಅಲ್ಲಿಂದ ಹೊರಬಂದೆ. ಇನ್ನೊಂದು ಕಡೆ ಇದ್ದವರು ವಯಸ್ಸಾದವರು, ಚೀಟಿ ಓದಿ, ಟೈರ್ ಸವರಿ, "ಹಿಂದಿನದು ಜೊತೆಯಾಗಿ ಹಾಕೋಣ, ಮುಂದಿನದು ಇನ್ನೂ ಓಡಲಿ" ಎಂದರು. ಒಂದನ್ನೇ ಹಾಕಿದರೆ ಆಗದೇ ಎಂದು ನೀವು ಕೇಳಬಹುದು. ಒಂದೇ ಆಕ್ಸಲ್‌ನಲ್ಲಿ ಒಂದು ಬಿಗಿ, ಒಂದು ಸಡಿಲ ಇದ್ದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಗಾಡಿ ಎರಡು ಥರ ವರ್ತಿಸುತ್ತದೆ. ಹಾಕುವುದಾದರೆ ಜೋಡಿಯಾಗಿಯೇ. ಮುಂದಿನ 58 ಮತ್ತು 66ರ ಅಂತರ ನನ್ನ ಲೆಕ್ಕದಲ್ಲಿ ಸಹಿಸಬಹುದಾದದ್ದು, ಬಿಟ್ಟೆ.

ಖರ್ಚಿನ ಪಟ್ಟಿ ಮಾಡುವಾಗ ಶಾಕಿನ ಬೆಲೆ ಮಾತ್ರ ಕೇಳಿ ನಿಲ್ಲಿಸಬೇಡಿ. ಮೇಲಿನ ರಬ್ಬರ್ ಮೌಂಟ್, ಬಂಪ್ ಸ್ಟಾಪ್, ಧೂಳಿನ ತೋಳು, ಹೊಸ ನಟ್ಟು ಬೋಲ್ಟು ಎಲ್ಲ ಪ್ರತ್ಯೇಕ. ಇವನ್ನು ಆಗಲೇ ಹಾಕದಿದ್ದರೆ ಹಳೇ ಮೌಂಟ್ ಸದ್ದು ಮಾಡಿದಾಗ ಅದೇ ಕೂಲಿ ಇನ್ನೊಮ್ಮೆ ಕೊಡಬೇಕು. ಮುಂದಿನ ಸ್ಟ್ರಟ್ ಆದರೆ ಸ್ಪ್ರಿಂಗ್ ಬಿಚ್ಚಲು ಅದನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಬೇಕು, ಕೂಲಿ ಹೆಚ್ಚು, ಆಮೇಲೆ ಅಲೈನ್‌ಮೆಂಟ್ ಕಡ್ಡಾಯ. ಒತ್ತಿ ಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡರೆ ಮೂಳೆ ಮುರಿಯುತ್ತದೆ, ಮನೆಯಲ್ಲಿ ಪ್ರಯೋಗ ಮಾಡುವ ಕೆಲಸ ಅದಲ್ಲ. ಹಿಂದೆ ಶಾಕ್ ಬೇರೆ, ಸ್ಪ್ರಿಂಗ್ ಬೇರೆ ಇದ್ದರೆ ಸುಲಭ.

ಸಾಮಾನು ಬರುವುದು ತಡವಾಯಿತು. ಬಂದ ಮೇಲೆ ಇನ್ನೊಂದು ಕಥೆ: ಪೆಟ್ಟಿಗೆ ಬಿಚ್ಚಿ ಹಳೆಯದರ ಪಕ್ಕ ಹಿಡಿದರೆ ಕೆಳಗಿನ ಕಣ್ಣಿನ (ಬೋಲ್ಟ್ ತೂರಿಸುವ ಬಳೆಯ) ಅಗಲ ಬೇರೆ. ಅದೇ ಮಾದರಿಯ ಕಾರು, ಆದರೆ ಬೇರೆ ವೇರಿಯಂಟ್‌ಗೆ ಬರುವ ಶಾಕ್. ವಾಪಸು ಕಳಿಸಿ, ಈ ಸಲ ಚಾಸಿ ನಂಬರ್ ಕೊಟ್ಟು ತರಿಸಬೇಕಾಯಿತು. ಮಾದರಿ, ವರ್ಷ ಹೇಳಿದರೆ ಸಾಕು ಎಂದು ಅಂಗಡಿಯವರು ಅಂದರೂ ಚಾಸಿ ನಂಬರ್ ಬರೆದುಕೊಡಿ. ಹಳೆಯದನ್ನು ಬಿಚ್ಚುವ ಮೊದಲೇ ಹೊಸದನ್ನು ಪಕ್ಕದಲ್ಲಿಟ್ಟು ನೋಡಿದ್ದರಿಂದ ಗಾಡಿ ಗ್ಯಾರೇಜಿನಲ್ಲಿ ಕಾಲಿಲ್ಲದೆ ನಿಲ್ಲುವುದು ತಪ್ಪಿತು.

ಈ ಕಾಯುವ ಹೊತ್ತಿನಲ್ಲೇ ಗುಜರಿಗೂ ಹೋಗಿದ್ದೆ. ಬಿಚ್ಚಿಟ್ಟ ಗಾಡಿಗಳ ಶಾಕ್‌ಗಳು ರಾಶಿ ಬಿದ್ದಿದ್ದವು, ಹೊಸದರ ಬೆಲೆಯ ಸಣ್ಣ ಭಾಗಕ್ಕೆ. ಹಳೇ ಶಾಕ್ ಕೊಳ್ಳುವ ಯೋಚನೆ ಇದ್ದವರು ಈ ಭಾಗವನ್ನು ಗಮನವಿಟ್ಟು ಓದಿ. ಅಂಗಡಿಯವರು ಒಂದನ್ನು ತೆಗೆದುಕೊಟ್ಟು "ಒತ್ತಿ ನೋಡಿ" ಎಂದರು. ಒತ್ತಿದೆ. ಸ್ವಲ್ಪ ದೂರ ಸುಮ್ಮನೆ ಒಳಗೆ ಹೋಗಿ, ಆಮೇಲೆ ಬಿಗಿಯಾಯಿತು. ಇಷ್ಟಕ್ಕೇ ಅದನ್ನು ತಿರಸ್ಕರಿಸುವಂತಿಲ್ಲ. ಎರಡು ಕೊಳವೆಯ ಶಾಕ್ ಅಡ್ಡ ಮಲಗಿದ್ದರೆ ಒಳಗಿನ ಗಾಳಿ ಪಿಸ್ಟನ್ ಇರುವ ಕೋಣೆಗೆ ನುಗ್ಗಿರುತ್ತದೆ. ನೆಟ್ಟಗೆ ಹಿಡಿದು, ರಾಡ್ ಮೇಲಿರುವಂತೆ, ಪೂರ್ತಿ ಒಳಗೆ ಪೂರ್ತಿ ಹೊರಗೆ ನಾಲ್ಕಾರು ಸಲ ಎಳೆದಾಡಿದ ಮೇಲೆ ಗಾಳಿ ಮೇಲೆ ಹೋಗುತ್ತದೆ. ಆಗ ಪರೀಕ್ಷೆ ಮಾಡಬೇಕು. ಉದ್ದಕ್ಕೂ ಒಂದೇ ಸಮ ತಡೆ ಇರಬೇಕು, ಸಾಮಾನ್ಯವಾಗಿ ಎಳೆಯುವುದು ಒತ್ತುವುದಕ್ಕಿಂತ ಕಷ್ಟವಾಗಬೇಕು, ದಿಕ್ಕು ಬದಲಿಸುವಾಗ ಖಾಲಿ ಜಾಗ ಸಿಗಬಾರದು. ಎಣ್ಣೆಯ ಜೊತೆ ಒತ್ತಡದ ಗ್ಯಾಸ್ ತುಂಬಿದ ಶಾಕ್ ಆದರೆ ಒತ್ತಿ ಬಿಟ್ಟಾಗ ರಾಡ್ ತಾನಾಗಿ ನಿಧಾನಕ್ಕೆ ಹೊರಬರಬೇಕು. ನನ್ನ ಕೈಯಲ್ಲಿದ್ದದ್ದು ಎಷ್ಟು ಎಳೆದಾಡಿದರೂ ಪ್ರತಿ ತಿರುವಿನಲ್ಲಿ ಲೊಟಕ್ ಎನ್ನುತ್ತಿತ್ತು. ಎಣ್ಣೆ ಕಡಿಮೆಯಾಗಿತ್ತು, ಇಲ್ಲವೇ ವಾಲ್ವ್ ಸವೆದಿತ್ತು.

ಇನ್ನೊಂದು ಜೊತೆ ಫಳಫಳ ಹೊಳೆಯುತ್ತಿತ್ತು. ಹತ್ತಿರದಿಂದ ನೋಡಿದರೆ ಮಣ್ಣಿನ ಹರಳುಗಳ ಮೇಲೆಯೇ ಕಪ್ಪು ಬಣ್ಣ ಹೊಡೆದಿದ್ದರು, ಕೊಳವೆಯ ಪಕ್ಕದಲ್ಲಿ ಒಂದು ಸಣ್ಣ ವೆಲ್ಡಿಂಗ್ ಚುಕ್ಕಿ. ತೂತು ಕೊರೆದು, ಎಣ್ಣೆ ತುಂಬಿ, ಬೆಸೆದ ರೀಕಂಡೀಷನ್ ಮಾಲು. ಯಾವ ಎಣ್ಣೆ, ಎಷ್ಟು, ಒಳಗಿನ ವಾಲ್ವ್ ಯಾವ ಸ್ಥಿತಿಯಲ್ಲಿದೆ, ಗ್ಯಾಸ್ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮತ್ತೆ, ಕೈಪರೀಕ್ಷೆಯಲ್ಲಿ ಪಾಸಾದ ಹಳೇ ಶಾಕ್ ರಸ್ತೆಯಲ್ಲಿ ಪಾಸಾಗುತ್ತದೆ ಎಂದೇನಿಲ್ಲ, ಇಲ್ಲೂ ಕೈಯ ವೇಗ ಬಹಳ ಕಡಿಮೆ. ಕೆಟ್ಟದ್ದನ್ನು ಬಿಡಲು ಕೈ ಸಾಕು, ಒಳ್ಳೆಯದನ್ನು ಆರಿಸಲು ಸಾಲದು. ಬರಿಗೈಯಲ್ಲಿ ವಾಪಸಾದೆ.

ಹಾಕುವ ದಿನ ಪಕ್ಕದಲ್ಲೇ ನಿಂತಿದ್ದೆ. ಡಿಕ್ಕಿಯ ಪಕ್ಕದ ಹೊದಿಕೆ ತೆಗೆದಾಗ ಮೇಲಿನ ನಟ್ಟು ಸಿಕ್ಕಿತು. ಕೆಳಗಿನ ಬೋಲ್ಟ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬುಷ್ ಒಳಗಿನ ಕಬ್ಬಿಣದ ತೋಳಿಗೂ ಬೋಲ್ಟಿಗೂ ತುಕ್ಕು ಸೇರಿ ಒಂದೇ ಆಗಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾದದ್ದಾಯಿತು, ಸುತ್ತಿಗೆ ಆಯಿತು. ಸಹಾಯಕ ಹುಡುಗ ಗ್ಯಾಸ್ ಟಾರ್ಚ್ ತರಲು ಹೊರಟಾಗ ಹಿರಿಯ ಮೆಕ್ಯಾನಿಕ್ ಗದರಿಸಿ ಕೂರಿಸಿದರು. ಒಳಗೆ ಒತ್ತಡದ ಗ್ಯಾಸ್, ಎಣ್ಣೆ ಇರುವ ಕೊಳವೆಗೆ ಬೆಂಕಿ ಹಿಡಿಯಬಾರದು. ಕೊನೆಗೆ ಬೋಲ್ಟ್ ಕತ್ತರಿಸಿಯೇ ತೆಗೆದರು. ಅಲ್ಲಿಗೆ ಮಧ್ಯಾಹ್ನ ಕಳೆದಿತ್ತು. ಹಳೇ ಗಾಡಿಯಾದರೆ ಈ ಬೋಲ್ಟ್‌ಗಳನ್ನು ಶಾಕ್ ಜೊತೆಗೇ ತರಿಸಿಟ್ಟುಕೊಳ್ಳಿ.

ನೀವೂ ಪಕ್ಕದಲ್ಲಿ ನಿಂತಿದ್ದರೆ ಗಮನಿಸಬೇಕಾದವು ಇವೆ. ಶಾಕ್ ಬಿಚ್ಚುವ ಮೊದಲು ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಬೀಮ್‌ಗೆ ಜಾಕ್ ಆಸರೆ ಕೊಟ್ಟಿರಬೇಕು, ಇಲ್ಲದಿದ್ದರೆ ಅದು ಇಳಿದು ಬ್ರೇಕ್ ಹೋಸ್ ಎಳೆಯುತ್ತದೆ. ಹೊಸ ಶಾಕನ್ನು ನೆಟ್ಟಗೆ ಹಿಡಿದು ಎಳೆದಾಡಿ ಗಾಳಿ ಬಿಡಿಸಿಯೇ ಹಾಕಬೇಕು. ರಾಡನ್ನು ಇಕ್ಕಳದಿಂದ ಹಿಡಿಯಲೇಬಾರದು, ಒಂದು ಗೀರು ಬಿದ್ದರೂ ಸೀಲ್ ಹೋಗುತ್ತದೆ. ಮೇಲಿನ ನಟ್ಟಿಗೆ ಗಾಳಿ ಗನ್ ಹಿಡಿದರೆ ರಾಡ್ ಗಿರಗಿರ ತಿರುಗಿ ಒಳಗೆ ಪೆಟ್ಟಾಗಬಹುದು, ರಾಡ್ ತುದಿಯನ್ನು ಸ್ಪ್ಯಾನರ್‌ನಿಂದ ಹಿಡಿದು ಕೈಯಿಂದಲೇ ಬಿಗಿಯಬೇಕು. ಕೆಳಗಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬುಷ್ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಮ್ಮಲ್ಲಿ ಈ ಕೊನೆಯ ಹೆಜ್ಜೆಯನ್ನು ನಾನು ಕೇಳಿದ ಮೇಲೆಯೇ ಮಾಡಿದ್ದು.

ಬಿಲ್ಲಿನಲ್ಲಿ ಅಲೈನ್‌ಮೆಂಟ್ ಸೇರಿಸಿದ್ದರು. ಬೀಮ್ ಆಕ್ಸಲ್‌ನ ಹಿಂದಿನ ಶಾಕ್ ಬದಲಿಸಿದರೆ ಚಕ್ರದ ಕೋನ ಏನೂ ಬದಲಾಗುವುದಿಲ್ಲ, ಲಿಂಕ್ ರಾಡ್ ಹಾಕಿದರೂ ಅಷ್ಟೇ. ಕೇಳಿದಾಗ ಹೊಡೆದುಹಾಕಿದರು.

ಹೊರಗೆ ತೆಗೆದು ನಿಲ್ಲಿಸಿದ್ದ ಹಳೇ ಎಡ ಶಾಕನ್ನು ಒತ್ತಿದೆ. ಪಂಪಿನ ಹಿಡಿಯಂತೆ ಸರ್ರನೆ ಒಳಗೆ ಹೋಯಿತು, ಮತ್ತೆ ಹೊರಬರಲಿಲ್ಲ. ಬಲಗಡೆಯದು ನಿಧಾನಕ್ಕೆ ಎದ್ದು ಬಂತು.

ಮೊದಲ ಓಟದಲ್ಲಿ ಹಿಂಭಾಗ ಬಿಗಿಯಾಗಿ ನಿಂತದ್ದು ಗೊತ್ತಾಯಿತು, ಹಂಪ್ ದಾಟಿದರೆ ಒಂದೇ ಇಳಿತ. ಆದರೆ ವೇಗ ಹೆಚ್ಚಿದಂತೆ ಹಿಂದಿನಿಂದ ಗುಂಯ್ ಎನ್ನುವ ಸದ್ದು ಹಾಗೇ ಇತ್ತು. ಇಷ್ಟು ಖರ್ಚು ಮಾಡಿಯೂ ಹೀಗೇಕೆ ಎಂದು ಹೊಟ್ಟೆ ಉರಿಯಿತು. ಗ್ಯಾರೇಜಿಗೆ ತಿರುಗಿ ಹೋದಾಗ ಮೆಕ್ಯಾನಿಕ್ ಟೈರ್ ಮೇಲೆ ಕೈಯಾಡಿಸಿ ನಕ್ಕರು. ಶಾಕ್ ಹೊಸದಾದರೂ ತಗ್ಗು ಬಿದ್ದ ಟೈರ್ ನುಣ್ಣಗಾಗುವುದಿಲ್ಲ, ಬದಲಿಸುವವರೆಗೆ ಅದು ಗೊಣಗುತ್ತಲೇ ಇರುತ್ತದೆ. ಟೈರ್ ಲೆಕ್ಕ ಮಾರುವವರು ಯಾಕೆ ಒಪ್ಪಲಿಲ್ಲ ಎನ್ನುವುದು ಆಗ ಹೊಳೆಯಿತು.

ಕೆಲವು ನೂರು ಕಿ.ಮೀ. ಓಡಿದ ಮೇಲೆ ಬೋಲ್ಟ್ ಬಿಗಿತ ಮತ್ತು ಎಣ್ಣೆ ಮತ್ತೊಮ್ಮೆ ನೋಡಿಸಿ, ತಟ್ಟೆಯ ಯಂತ್ರದ ಮೇಲೂ ಹತ್ತಿಸಿದೆ: ಹಿಂದೆ ಎಡ 57, ಬಲ 55. ಆ ಚೀಟಿ, ಶಾಕಿನ ಬಿಲ್, ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಚೀಟಿ ಮೂರನ್ನೂ ಒಟ್ಟಿಗೆ ಇಟ್ಟಿದ್ದೇನೆ. ಗ್ಯಾರೇಜಿನವರಿಂದ ಹಾಕಿದ ದಿನಾಂಕ ಮತ್ತು ಮೀಟರ್ ಓದನ್ನು ಬಿಲ್ಲಿನ ಮೇಲೆಯೇ ಬರೆಸಿ ಸೀಲ್ ಒತ್ತಿಸಿದ್ದೇನೆ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ ಎಂದು ಸಾಮಾನು ಅಂಗಡಿಯವರು ಹೇಳಿದ್ದರು.